ತಪ್ಪು ಮಾಡದವರಿಗೆ ಕುರ್ಚಿಯಿಲ್ಲ

ನಾನು ಕೆಲಸ ಮಾಡಿದ ವಿಶ್ವವಿದ್ಯಾಲಯದ ಬಗ್ಗೆ ಎರಡು ಕಥೆಗಳು ಓಡಾಡುತ್ತವೆ. ಮಾಲೂರಿನ ಟೀ ಅಂಗಡಿಗಳಲ್ಲಿ ಹೇಳುವುದು ಒಂದು: ಅಲ್ಲಿ ಮಕ್ಕಳನ್ನು ಮತಾಂತರ ಮಾಡುತ್ತಾರೆ. ಆವರಣದ ಒಳಗೆ ಹೇಳುವುದು ಇನ್ನೊಂದು: ಇದು ಕಾಲೇಜಲ್ಲ, ಒಂದು ಕುಟುಂಬ. ಮೊದಲ ಕಥೆ ಹೇಳುವವರು ಯಾವತ್ತೂ ಗೇಟು ದಾಟಿ ಒಳಗೆ ಬಂದವರಲ್ಲ. ಎರಡನೆಯದನ್ನು ಹೇಳುವವರನ್ನು ಯಾರೂ ಗೇಟಿನಿಂದ ಆಚೆ ಕಳಿಸಿಲ್ಲ. ಎರಡೂ ಸುಳ್ಳು. ಎರಡನೆಯದು ಹೆಚ್ಚು ಅಪಾಯಕಾರಿ ಸುಳ್ಳು. ಯಾಕೆಂದರೆ ಅದನ್ನು ಹೇಳುವವರು ನಿಜಕ್ಕೂ ಒಳ್ಳೆಯವರು.

ನಿವೃತ್ತಿ ಎಂಬ ಪದವನ್ನು ನಾನು ಬೇಕೆಂದೇ ಬಳಸುತ್ತೇನೆ. ಮೂವತ್ತು ದಾಟುತ್ತಿದ್ದಂತೆ ನಿವೃತ್ತಳಾದೆ. ಶಾಲು, ಹಾರ, ಪಿಂಚಣಿ ಯಾವುದೂ ಇಲ್ಲ. ಆದರೆ ಆ ವೃತ್ತಿಗೆ ಇನ್ನು ಮರಳುವುದಿಲ್ಲ ಎಂದು ಗೊತ್ತಿರುವವರಿಗೆ ಅದಕ್ಕಿಂತ ಸರಿಯಾದ ಪದ ಸಿಗಲಿಲ್ಲ. ಈಗ ಶ್ರೀನಿವಾಸಪುರದ ನಮ್ಮ ಮನೆಯಲ್ಲಿ ಕೂತು, ನಾನು ಕೂರುತ್ತಿದ್ದ ವಿದ್ಯಾರ್ಥಿ ಕ್ಷೇಮಾಧಿಕಾರಿ ಎಂಬ ಫಲಕದ ಹಿಂದೆ ಮುಂದಿನ ವರ್ಷ ಕೂರಲಿರುವ ಯಾರೋ ಒಬ್ಬರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಂದರ್ಶನದಲ್ಲಿ ನಿಮಗೆ ಇದನ್ನು ಹೇಳುವುದಿಲ್ಲ.

ನನ್ನ ಸಂದರ್ಶನ ನಡೆಸಿದವರು ಅಯ್ಯನವರು. ಪ್ರಾರ್ಥನಾಲಯದ ಪಾದ್ರಿ ಅವರೇ, ವಿದ್ಯಾರ್ಥಿಗಳ ಶಿಸ್ತು ಸಮಿತಿಯ ಮುಖ್ಯಸ್ಥರೂ ಅವರೇ. ಬಿಳಿ ಜುಬ್ಬಾ, ಯಾವಾಗಲೂ ಕೆಳದನಿ. ಕೋಲಾರದಲ್ಲಿ ಓದುವಾಗ ನಾನು ಚರ್ಚಾಸ್ಪರ್ಧೆಗಳಲ್ಲಿ ಗೆದ್ದದ್ದನ್ನು ನೋಡಿ ಕೇಳಿದರು:

"ದೇವರನ್ನ ನಂಬ್ತೀಯೇನಮ್ಮ?"

"ಇಲ್ಲ ಸರ್."

"ಒಳ್ಳೇದು. ಮಕ್ಕಳಿಗೆ ಮಾತಾಡೋದು ಕಲಿಸು. ನಂಬೋದನ್ನ ನಾನು ನೋಡ್ಕೋತೀನಿ."

ಕೆಲಸ ಸಿಕ್ಕಿತು. ಹಾಗಾದರೆ ಅವರು ಉದಾರಿಗಳಲ್ಲವೇ ಎನ್ನುತ್ತೀರಿ. ಹೌದು, ಉದಾರಿಗಳೇ. ಅದಕ್ಕೆ ಇನ್ನೂ ಸಾಕ್ಷಿ ಕೊಡುತ್ತೇನೆ. ಎದುರು ಪಕ್ಷದ ಒಳ್ಳೆಯ ಅಂಶಗಳನ್ನು ಬಚ್ಚಿಡುವವರು ಚರ್ಚೆಗೆ ಲಾಯಕ್ಕಲ್ಲ.

ನಾನು ಸೇರಿದ ವರ್ಷವೇ ಮುಳಬಾಗಿಲು ಕಡೆಯ ಹರೀಶ ಎಂಬ ಹುಡುಗ ಅಯ್ಯಪ್ಪನ ಮಾಲೆ ಹಾಕಿಕೊಂಡು, ಕಪ್ಪು ಬಟ್ಟೆಯಲ್ಲಿ, ಬರಿಗಾಲಲ್ಲಿ ಬಂದ. ಸಮವಸ್ತ್ರದ ನಿಯಮವಿತ್ತು. ಕಚೇರಿಯವರು ಅವನನ್ನು ನನ್ನ ಬಳಿಗೆ ತಳ್ಳಿದರು, ನಾನು ಅಯ್ಯನವರ ಬಳಿಗೆ ತಳ್ಳಿದೆ. ಅವರು ಅವನ ಕಾಲು ನೋಡಿದರು. "ವ್ರತ ಮುಗಿಯೋವರೆಗೂ ಹಿಂಗೇ ಬರಲಿ. ಹಾಸ್ಟೆಲ್ ದಾರೀಲಿ ಜಲ್ಲಿ ಬಿದ್ದಿದೆ, ಗುಡಿಸಿಸಮ್ಮ" ಎಂದರು. ಆಮೇಲೆ ದಿನವೂ ಅವನು ಎದುರಾದಾಗ "ಏನ್ ಸ್ವಾಮಿ, ಊಟ ಆಯ್ತಾ?" ಎಂದು ಕೇಳುತ್ತಿದ್ದರು. ಮತಾಂತರದ ಕಥೆ ಹೇಳುವವರಿಗೆ ನಾನು ಈ ಪ್ರಸಂಗ ಹೇಳಿದರೆ ಅವರು ಮಾತು ಬದಲಾಯಿಸುತ್ತಾರೆ.

ಬೆಳಗಿನ ಪ್ರಾರ್ಥನೆ ಎಲ್ಲರಿಗೂ ಕಡ್ಡಾಯ. ಹಾಜರಿ ನೋಡುವುದು ನನ್ನ ಕೆಲಸ. ಮೊದಲು ಹೆಸರು ಕೂಗುತ್ತಿದ್ದೆವು, ಆಮೇಲೆ ಹೆಬ್ಬೆಟ್ಟು ಒತ್ತುವ ಯಂತ್ರ ಬಂತು. ಹುಡುಗರು ಒಳಗೆ ಬರುವಾಗ ಹೆಬ್ಬೆಟ್ಟು ಒತ್ತಿ, ಹಿಂದಿನ ಬೆಂಚಿನಲ್ಲಿ ಮಲಗುತ್ತಿದ್ದರು. ನಾನು ಜಾಣತನ ತೋರಿಸಲು ಹೋಗಿ, ಹೊರಗೆ ಹೋಗುವಾಗಲೂ ಒತ್ತಬೇಕು ಎಂದು ನಿಯಮ ಮಾಡಿದೆ. ಪರಿಣಾಮ? ಅವರು ಇನ್ನೂ ನೆಮ್ಮದಿಯಿಂದ ಮಲಗತೊಡಗಿದರು; ಮುಗಿದ ಮೇಲೆ ಎಬ್ಬಿಸುವ ಜವಾಬ್ದಾರಿ ಈಗ ನನ್ನದಾಗಿತ್ತು! ಕ್ಯಾಲನೂರಿನ ಮಂಜುನಾಥನನ್ನು ಒಂದು ದಿನ ಹಿಡಿದು ಬೈದೆ. ನರಸಾಪುರದ ಕಂಪನಿಯಲ್ಲಿ ರಾತ್ರಿ ಪಾಳಿ ಮುಗಿಸಿ, ಕಂಪನಿ ಬಸ್ಸಿನಲ್ಲಿ ಇಳಿದು, ಹಾಲು ಕರೆದು ಡೇರಿಗೆ ಹಾಕಿ ಬರುತ್ತಿದ್ದ ಅವನು.

"ಮೇಡಂ, ಹಸು ಎಬ್ಬಿಸುತ್ತೆ, ಕಂಪನಿ ಎಬ್ಬಿಸುತ್ತೆ. ಮಲಗಿಸೋದು ದೇವರೊಬ್ಬನೇ. ಅಲ್ಲೂ ನೀವು ಬಂದ್ರೆ ಹೆಂಗೆ?"

ಅಯ್ಯನವರಿಗೆ ಹೇಳಿದೆ. ನಕ್ಕರು. "ಪ್ರಾರ್ಥನೇಲಿ ನಿದ್ದೆ ಮಾಡೋನು ದೇವರ ಮೇಲೆ ಭಾರ ಹಾಕಿದಾನೆ ಬಿಡಮ್ಮ" ಎಂದರು.

ಈಗ ನಿಮಗೆ ಆ ಕೋಣೆಯ ಬಗ್ಗೆ ಹೇಳಬೇಕು. ಸಮಾಧಾನದ ಕೋಣೆ ಎನ್ನುತ್ತಿದ್ದರು. ಶಿಸ್ತು ಸಮಿತಿಗೆ ಬರುವ ದೂರುಗಳೆಲ್ಲ ಮೊದಲು ಅಲ್ಲಿಗೆ ಹೋಗುತ್ತಿದ್ದವು. ಬಹುತೇಕ ಅಲ್ಲೇ ಮುಗಿಯುತ್ತಿದ್ದವು. ಮೂರು ಕುರ್ಚಿ. ಎತ್ತರದ್ದು ಅಯ್ಯನವರದು. ಕಿಟಕಿ ಪಕ್ಕದ್ದು ನೊಂದವರದು. ಬಾಗಿಲ ಪಕ್ಕದ್ದು ತಪ್ಪು ಮಾಡಿದವರದು. ಅಯ್ಯನವರು ಪ್ರಾರ್ಥಿಸುತ್ತಾರೆ, ತಪ್ಪು ಮಾಡಿದವರು ಕ್ಷಮಿಸಿ ಎನ್ನುತ್ತಾರೆ, ನೊಂದವರು ಕ್ಷಮಿಸಿದ್ದೇನೆ ಎನ್ನುತ್ತಾರೆ. ಆಮೇಲೆ ಟೀ, ಒಂದೊಂದು ತುಂಡು ಕೇಕು. ಕೇಕು ತಿಂದ ಮೇಲೆ ಆ ವಿಷಯವನ್ನು ಯಾರೂ ಎಲ್ಲಿಯೂ ಎತ್ತುವಂತಿಲ್ಲ.

ಇದು ಕೆಲಸ ಮಾಡುತ್ತಿತ್ತು, ಅದನ್ನೂ ಹೇಳಬೇಕು. ಕ್ರಿಕೆಟ್ ಜಗಳದಲ್ಲಿ ಒಬ್ಬ ಇನ್ನೊಬ್ಬನ ಹಲ್ಲು ಮುರಿದಿದ್ದ. ಬೇರೆ ಕಾಲೇಜಾಗಿದ್ದರೆ ಪೊಲೀಸ್ ಠಾಣೆಗೆ ಹೋಗುತ್ತಿತ್ತು. ಇಲ್ಲಿ ಇಬ್ಬರೂ ಕೇಕು ತಿಂದು, ಹಲ್ಲು ಮುರಿದವನೇ ಮುರಿಸಿಕೊಂಡವನನ್ನು ಬೈಕಿನಲ್ಲಿ ದಂತವೈದ್ಯರ ಹತ್ತಿರ ಕರೆದುಕೊಂಡು ಹೋದ. ಪರೀಕ್ಷೆಯಲ್ಲಿ ಚೀಟಿ ಇಟ್ಟ ಹುಡುಗಿ ಅತ್ತಳು, ಕ್ಷಮೆ ಸಿಕ್ಕಿತು. ಮುಂದಿನ ಪರೀಕ್ಷೆಯಲ್ಲೂ ಇಟ್ಟಳು, ಮತ್ತೆ ಅತ್ತಳು, ಮತ್ತೆ ಸಿಕ್ಕಿತು. ನಾನು ಗೊಣಗಿದೆ. ಆದರೆ ಆ ಏರ್ಪಾಟಿನಲ್ಲಿ ಒಂದು ಬಿರುಕಿದೆ ಎಂದು ನನ್ನಂಥ ತರ್ಕದವಳಿಗೂ ಹೊಳೆಯಲಿಲ್ಲ. ತಪ್ಪು ಮಾಡಿದವರಿಗೆ ಅಲ್ಲಿ ಕುರ್ಚಿ ಇತ್ತು, ನೊಂದವರಿಗೆ ಇತ್ತು. ತಪ್ಪೇ ಮಾಡದೆ ಸಿಕ್ಕಿಬಿದ್ದವರು ಎಲ್ಲಿ ಕೂರಬೇಕು?

ಭಾರ್ಗವಿ ನಂಗಲಿಯವಳು. ಅವಳ ತಾಯಿ ರತ್ನಮ್ಮ ಹೆದ್ದಾರಿಯ ಪಕ್ಕ ಲಾರಿಯವರಿಗೆ ಇಡ್ಲಿ, ಚಿತ್ರಾನ್ನ ಮಾರುವವರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಬಿ.ಎ. ಕೊನೆಯ ವರ್ಷದಲ್ಲಿದ್ದಳು; ಡಿಗ್ರಿ ಮುಗಿಸಿ ಕೋಲಾರದಲ್ಲಿ ಕಾನೂನು ಓದಬೇಕು ಎನ್ನುವುದೊಂದೇ ಅವಳ ಗುರಿ. ಲಾರಿ ಡ್ರೈವರುಗಳ ಜೊತೆ ಚೌಕಾಸಿ ಮಾಡಿ ಬೆಳೆದ ನಾಲಿಗೆ; ನಾನು ತರಬೇತಿ ಕೊಟ್ಟವರಲ್ಲಿ ಅವಳಷ್ಟು ಚೂಪಾದವರು ಇನ್ನೊಬ್ಬರಿಲ್ಲ.

ಆ ನವೆಂಬರಿನಲ್ಲಿ ಅಂತರ್ವಿಭಾಗ ಚರ್ಚಾಸ್ಪರ್ಧೆ ಇಟ್ಟೆ. ವಿಷಯ: ಬೆಳಗಿನ ಪ್ರಾರ್ಥನೆ ಕಡ್ಡಾಯವಾಗಿರಬಾರದು. ಅನುಮತಿ ಕೊಟ್ಟವರು ಅಯ್ಯನವರೇ. "ಮಾತಾಡ್ಲಿ ಬಿಡಮ್ಮ, ಪ್ರಾರ್ಥನೆ ಮಾತಿಗೆ ಹೆದರಲ್ಲ" ಎಂದಿದ್ದರು. ಚರ್ಚೆಯ ನಿಯಮ ನಿಮಗೆ ಗೊತ್ತಿರಬಹುದು: ಯಾರು ಯಾವ ಪಕ್ಷ ಎಂಬುದು ಚೀಟಿಯಿಂದ ತೀರ್ಮಾನ. ನಂಬಿದ್ದನ್ನು ಹೇಳುವುದಕ್ಕೆ ಭಾಷಣವಿದೆ. ಚರ್ಚೆ ಇರುವುದು ನಂಬದ್ದನ್ನೂ ಪ್ರಾಮಾಣಿಕವಾಗಿ ಯೋಚಿಸುವುದಕ್ಕೆ. ಸ್ಟೀಲ್ ಲೋಟದಲ್ಲಿ ಚೀಟಿ ಹಾಕಿದೆ. ಭಾರ್ಗವಿಗೆ 'ಪರ' ಬಂತು, ಎಂದರೆ ಕಡ್ಡಾಯ ಬೇಡ ಎಂದು ವಾದಿಸಬೇಕು. ಅವಳ ಎದುರಾಳಿ ಜೋಶುವಾ, ಪಾಸ್ಟರ್ ಒಬ್ಬರ ಮಗ. ಅವನಿಗೆ 'ವಿರೋಧ'.

"ಲೇ ಜೋಶು, ಬದಲಾಯಿಸ್ಕೊಳೋಣ ಕಣೋ. ನಂಗೆ ಬೆಳಗಿನ ಹಾಡು ಇಷ್ಟ" ಎಂದಳು ಭಾರ್ಗವಿ. ಅವಳು ಗಾಯನ ತಂಡದಲ್ಲಿದ್ದಳು.

"ನಂಗೆ ನಿದ್ದೆ ಇಷ್ಟ, ಕೊಡೇ ಇಲ್ಲಿ" ಎಂದು ಅವನು ಕೈ ಚಾಚಿದ.

ನಾನು ಬಿಡಲಿಲ್ಲ. ನಿಯಮ ನಿಯಮವೇ ಎಂದೆ. ಇವತ್ತೂ ಹಾಗೆಯೇ ಹೇಳುತ್ತೇನೆ.

ಅವಳು ಗೆದ್ದಳು. "ಕೈ ಕಟ್ಟಿ ಕೂರಿಸಿದೋರ ಸ್ತೋತ್ರ ಕೇಳಿದ್ರೆ ದೇವರಿಗೂ ಬೇಜಾರಾಗಲ್ವಾ?" ಎಂದು ಕೇಳಿದಾಗ ಸಭಾಂಗಣ ಚಪ್ಪಾಳೆಯಿಂದ ತುಂಬಿತು. ಬಹುಮಾನದ ಬಟ್ಟಲನ್ನು ಅಯ್ಯನವರೇ ಕೊಟ್ಟರು. ಕೊಡುವಾಗ ಅವರು ನಗಲಿಲ್ಲ ಎಂದು ನನಗೆ ಆಮೇಲೆ ನೆನಪಾಯಿತು.

ಡಿಸೆಂಬರಿನಲ್ಲಿ ಪ್ರತಿವರ್ಷ ಪ್ರಾರ್ಥನಾಲಯದಲ್ಲಿ ಗೋದಲಿ ಕಟ್ಟುತ್ತಾರೆ. ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಒಳಗೆ ಗೊಂಬೆಗಳು. ಕ್ರಿಸ್‌ಮಸ್ ಹೊತ್ತಿಗೆ ಕಾಲೇಜಿಗೆ ರಜೆ ಬಿದ್ದಿರುತ್ತದೆ, ಹಾಗಾಗಿ ಇಲ್ಲಿ ಎಲ್ಲವೂ ಮುಂಚಿತವಾಗಿಯೇ. ಆ ವರ್ಷ ಸರದಿ ಭಾರ್ಗವಿಯ ತರಗತಿಯದು. ರಾಗಿ ಹುಲ್ಲಿನ ಚಾವಣಿ, ಹಿಪ್ಪುನೇರಳೆ ಕಡ್ಡಿಯ ಗೋಡೆ. ಮಧ್ಯೆ ಹುಲ್ಲಿನ ಮೇಲೆ ಬಾಲಯೇಸುವಿನ ಗೊಂಬೆ. ಭಾನುವಾರ ಸಂಜೆ ಎಲ್ಲ ಮುಗಿಸಿ, ದೀಪದ ಸರ ಸರಿಮಾಡಿ, ಕೊನೆಯಲ್ಲಿ ಹೊರಗೆ ಬಂದವಳು ಭಾರ್ಗವಿ.

ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಬಂದರೆ ಹುಲ್ಲು ಬರಿದಾಗಿತ್ತು. ಮಗು ಇಲ್ಲ.

ಯಾರು ಕೊನೆಗೆ ಹೋದರು? ಭಾರ್ಗವಿ. ಪ್ರಾರ್ಥನೆ ಬೇಡ ಎಂದವರು ಯಾರು? ಭಾರ್ಗವಿ. ಈ ಎರಡು ಸಾಲಿನ ತರ್ಕ ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ಆವರಣದಲ್ಲಿ ತೀರ್ಪಾಗಿತ್ತು. ಮಂಗಳವಾರ ಬೆಳಿಗ್ಗೆ ಅಯ್ಯನವರು ಪ್ರಾರ್ಥನೆಯಲ್ಲಿ ಹೇಳಿದರು: "ಒಂದು ಮನಸ್ಸು ದಾರಿ ತಪ್ಪಿದೆ. ಯಾರೆಂದು ನನಗೆ ಗೊತ್ತು. ಅದನ್ನು ಹುಡುಕಿಕೊಂಡು ಹೋಗುವುದು ನಮ್ಮ ಕೆಲಸ." ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಎಲ್ಲರ ಕುತ್ತಿಗೆಯೂ ಒಂದೇ ಕಡೆ ತಿರುಗಿತ್ತು.

ನಾನು ಅವರ ಹಿಂದೆ ಓಡಿದೆ. "ಸರ್, ಅವಳು ಪಕ್ಷ ಆರಿಸಿಕೊಂಡದ್ದಲ್ಲ. ಚೀಟಿ ಎತ್ತಿದ್ದು. ನಾನೇ ಲೋಟ ಹಿಡಿದಿದ್ದೆ."

ಅವರು ನಿಂತು, ಸಣ್ಣ ಮಗುವಿಗೆ ಹೇಳುವಂತೆ ಹೇಳಿದರು: "ಚೀಟಿ ಯಾರ ಕೈಗೆ ಹೋಗ್ಬೇಕೋ ಅವರ ಕೈಗೇ ಹೋಗುತ್ತಮ್ಮ."

ಅಲ್ಲಿ ನನ್ನ ತರಬೇತಿ ಎಲ್ಲ ನೆಲಕಚ್ಚಿತು. ನನ್ನ ಲೋಕದಲ್ಲಿ ಚೀಟಿ ಎಂದರೆ ಆಕಸ್ಮಿಕ. ಅದಕ್ಕೇ ಅದು ನ್ಯಾಯ. ಅವರ ಲೋಕದಲ್ಲಿ ಆಕಸ್ಮಿಕ ಎಂಬುದೇ ಇಲ್ಲ. ದೇವರು ಕೈ ಹಾಕದ ಲೋಟವಿಲ್ಲ. ಹಾಗಿರುವಾಗ ಆ ಹುಡುಗಿಯ ಕೈಗೆ ಬಂದ ಚೀಟಿಯೇ ಅವಳ ವಿರುದ್ಧದ ಸಾಕ್ಷಿ. ಇದಕ್ಕೆ ಏನು ಪ್ರತಿವಾದ ಹೂಡುತ್ತೀರಿ? ಹೂಡಿ ನೋಡಿ, ನಿಮಗೂ ಒಂದು ಬಟ್ಟಲು ಕೊಡುತ್ತೇನೆ.

ಬುಧವಾರ ಸಮಾಧಾನದ ಕೋಣೆ. ನಾನು ಗೋಡೆಗೆ ಒರಗಿ ನಿಂತಿದ್ದೆ. ಮೇಜಿನ ಮೇಲೆ ಮುಚ್ಚಿದ ತಟ್ಟೆಯಲ್ಲಿ ಕೇಕು ಆಗಲೇ ಬಂದಿತ್ತು.

"ಕೂತ್ಕೊಳ್ಳಮ್ಮ ಭಾರ್ಗವಿ."

"ಯಾವ ಕುರ್ಚೀಲಿ ಸರ್?"

"ಯಾವುದಾದ್ರೂ ಒಂದು."

"ಬಾಗಿಲ ಪಕ್ಕದ್ದು ತಪ್ಪು ಮಾಡಿದೋರದು. ಕಿಟಕಿ ಪಕ್ಕದ್ದು ನೊಂದೋರದು, ಅಲ್ಲಿ ನೀವು ಬೈಬಲ್ ಇಟ್ಟಿದೀರ. ನಂದು ಯಾವುದು ಹೇಳಿ, ಕೂರ್ತೀನಿ."

ಅಯ್ಯನವರು ತಟ್ಟೆಯ ಮುಚ್ಚಳ ತೆಗೆದು ಪಕ್ಕಕ್ಕಿಟ್ಟರು. "ನಿನ್ನ ಮೇಲೆ ಯಾರಿಗೂ ಕೋಪ ಇಲ್ಲಮ್ಮ. ಒಂದು ಮಾತು ಸಾಕು. ನಾಳೆಯಿಂದ ಯಾರೂ ಇದನ್ನ ಎತ್ತಲ್ಲ" ಎಂದರು.

"ಮಾಡಿದ್ರೆ ಹತ್ತು ಮಾತು ಹೇಳ್ತಿದ್ದೆ ಸರ್. ಮಾಡಿಲ್ಲ. ಒಂದೂ ಬರಲ್ಲ."

ಅವರು ಕಣ್ಣು ಮುಚ್ಚಿದರು. ಕೈ ಎತ್ತಿದರು. ಅವಳ ಪರವಾಗಿ ತಾವೇ ಪ್ರಾರ್ಥಿಸಿದರು: ತಂದೆಯೇ, ಈ ಮಗಳು ಮಾಡಿದ್ದನ್ನು ಕ್ಷಮಿಸು, ಅವಳ ಕಲ್ಲಾದ ಹೃದಯವನ್ನು ಮೆತ್ತಗೆ ಮಾಡು. ಅವರ ಕಣ್ಣಂಚಿನಲ್ಲಿ ನೀರಿತ್ತು. ನಾನು ಕಣ್ಣು ಮುಚ್ಚಿರಲಿಲ್ಲ, ಭಾರ್ಗವಿಯೂ ಮುಚ್ಚಿರಲಿಲ್ಲ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತಿದ್ದೆವು. ಕೇಕು ಯಾರೂ ಮುಟ್ಟಲಿಲ್ಲ.

ಗುರುವಾರ ಬೆಳಿಗ್ಗೆ ಗೊಂಬೆ ಹುಲ್ಲಿನ ಮೇಲೆ ವಾಪಸು ಬಂದಿತ್ತು.

ಇದಕ್ಕಿಂತ ಗೊಂಬೆ ಸಿಗದೇ ಇದ್ದಿದ್ದರೆ ಚೆನ್ನಾಗಿತ್ತು. ಅಯ್ಯನವರು ವೇದಿಕೆಯಿಂದ, "ನೋಡಿದಿರಾ, ನಮ್ಮ ಪ್ರಾರ್ಥನೆ ಒಂದು ಮನಸ್ಸನ್ನು ಮುಟ್ಟಿದೆ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅದೇ ಹುಡುಗರು, ಅದೇ ಕೈಗಳು, ಅವಳು ಚರ್ಚೆ ಗೆದ್ದಾಗ ತಟ್ಟಿದವೇ. ಗಾಯನ ತಂಡದ ಸಾಲಿನಿಂದ ಭಾರ್ಗವಿ ಎದ್ದು ನಿಂತಳು.

"ನಾನು ತೆಗ್ದಿಲ್ಲ. ನಾನು ಇಟ್ಟೂ ಇಲ್ಲ."

ಪಿಯಾನೋ ಶುರುವಾಯಿತು. ಹಾಡಿನಲ್ಲಿ ಅವಳ ಮಾತು ಮುಳುಗಿತು.

ಸಂಜೆ ಸಮಿತಿಯ ನಿರ್ಣಯ ಬಂತು. ಕ್ಷಮೆ ಸ್ವೀಕರಿಸಿದರೆ ಎಲ್ಲ ಮೊದಲಿನಂತೆ. ಇಲ್ಲವಾದರೆ 'ಕುಟುಂಬದ ಭಾಗವಾಗಿರಲು ಇಷ್ಟವಿಲ್ಲದವರು' ರಜೆಗೆ ಹೋದ ಮೇಲೆ ಮರಳಿ ಬರಬೇಕಾಗಿಲ್ಲ. ನಾನು ಕುಲಸಚಿವರವರೆಗೂ ಹೋದೆ. ಸಾಕ್ಷಿ ಯಾವುದು, ನೋಡಿದವರು ಯಾರು ಎಂದು ಕೇಳಿದೆ. ಅವರು ಫೈಲಿನಿಂದ ತಲೆ ಎತ್ತಿ, "ಮೇಡಂ, ನಾವು ಶಿಕ್ಷೆ ಕೊಡ್ತಿಲ್ಲವಲ್ಲ. ಕ್ಷಮೆ ಕೊಡ್ತಿದೀವಿ. ಅದಕ್ಕೆ ಸಾಕ್ಷಿ ಯಾಕೆ?" ಎಂದರು. ಈ ವಾಕ್ಯವನ್ನು ಗಮನಿಸಿ. ಶಿಕ್ಷೆಯ ವಿರುದ್ಧ ಮೇಲ್ಮನವಿ ಸಲ್ಲಿಸಬಹುದು. ಕ್ಷಮೆಯ ವಿರುದ್ಧ ಯಾವ ಕಚೇರಿಗೆ ಅರ್ಜಿ ಹಾಕುತ್ತೀರಿ?

ಶುಕ್ರವಾರ ರತ್ನಮ್ಮ ಬಂದರು. ಗೊತ್ತಿದ್ದ ಟೊಮೆಟೊ ಲಾರಿಯೊಂದು ಅವರನ್ನು ಹೆದ್ದಾರಿಯಲ್ಲಿ ಇಳಿಸಿ ಹೋಗಿತ್ತು. ಮಗಳ ಪೆಟ್ಟಿಗೆಯ ಮೇಲೆ ಕೂತು ಕೇಳಿದರು:

"ಒಂದ್ಸಾರಿ ಅನ್ಬಿಡು ತಲ್ಲಿ, ತಪ್ಪಾಯ್ತು ಅಂತ. ನಿನ್ನ ಗಂಟೇನು ಹೋಗುತ್ತೆ? ಡಿಗ್ರಿ ಮುಗೀಲಿ."

"ಅಮ್ಮ, ನಾಳೆ ಕೋರ್ಟಲ್ಲಿ ನಿಂತ್ಕೊಂಡು, ಮಾಡದ ತಪ್ಪು ಒಪ್ಕೋಬೇಡಿ ಅಂತ ಯಾರಿಗಾದ್ರೂ ಹೆಂಗೆ ಹೇಳ್ಲಿ?"

ರತ್ನಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಈ ಮಾತೆಲ್ಲಾ ನೀವೇ ಕಲ್ಸಿದ್ದಾ ಮೇಡಂ?"

ಇಲ್ಲ ಎಂದೆ. ಅದು ನಿಜವಾಗಿಯೂ ನಾನು ಕಲಿಸಿದ್ದಲ್ಲ.

ಗೇಟಿನ ಆಚೆ ಇಬ್ಬರು ಬೈಕಿಗೆ ಒರಗಿ ಕಾಯುತ್ತಿದ್ದರು, ಹೆಗಲ ಮೇಲೆ ಶಾಲು. ಮತಾಂತರದ ಕಥೆಯವರು. "ತಂಗಿ, ನೀನೊಂದು ಮಾತು ಹೇಳಮ್ಮ, ಮಿಕ್ಕಿದ್ದು ನಾವು ನೋಡ್ಕೋತೀವಿ. ಬಲವಂತ ಮಾಡಿದ್ರು ಅನ್ನು ಸಾಕು" ಎಂದ ಒಬ್ಬ, ಫೋನು ಎದುರಿಗೆ ಹಿಡಿದು.

"ಅಣ್ಣ, ಒಳಗಿರೋರೂ ಇದನ್ನೇ ಅಂದ್ರು, ಒಂದು ಮಾತು ಹೇಳು ಸಾಕು ಅಂತ. ಅವರಿಗೆ ಬೇಕಾಗಿದ್ದೂ ಸುಳ್ಳೇ, ನಿಮಗೆ ಬೇಕಾಗಿರೋದೂ ಸುಳ್ಳೇ. ಫೋನ್ ತೆಗೀರಿ."

"ಏನ್ ಕೊಬ್ಬು ನೋಡ್ಲಾ" ಎಂದ ಇನ್ನೊಬ್ಬ. ತಾಯಿ ಮಗಳು ಪೆಟ್ಟಿಗೆಯನ್ನು ಎರಡು ಕಡೆ ಹಿಡಿದು ರಸ್ತೆ ದಾಟಿದರು.

ಕೊನೆಯ ವರ್ಷದ ನಡುವೆ ಬಂದವಳನ್ನು ಕೋಲಾರದಲ್ಲಾಗಲಿ ಮುಳಬಾಗಿಲಲ್ಲಾಗಲಿ ಯಾವ ಕಾಲೇಜೂ ಸೇರಿಸಿಕೊಳ್ಳಲಿಲ್ಲ. ಯಾಕೆ ಬಿಟ್ಟೆ ಎಂದು ಕೇಳುತ್ತಿದ್ದರು. ಅವಳು ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದಳು. ಈಗ ಬೆಳಿಗ್ಗೆ ತಾಯಿಯ ಅಂಗಡಿಯಲ್ಲಿ ಇಡ್ಲಿ ಬಡಿಸುತ್ತಾಳೆ, ಮಧ್ಯಾಹ್ನ ದೂರಶಿಕ್ಷಣದ ಪಾಠ ಓದುತ್ತಾಳೆ, ಮೊದಲ ವರ್ಷದಿಂದ. ನಾನು ಹೋದಾಗ ತಟ್ಟೆ ಮುಂದಿಟ್ಟು, "ಚೆನ್ನಾಗಿ ವಾದ ಮಾಡಿದೆ ಅಲ್ವಾ ಮೇಡಂ?" ಎಂದಳು. ನಗುತ್ತಿದ್ದಳೋ ಇಲ್ಲವೋ ಗೊತ್ತಾಗಲಿಲ್ಲ. ಇನ್ನೊಂದು ಲಾರಿ ಬಂದು ನಿಂತಿತು, ಅವಳು ಆ ಕಡೆ ಹೋದಳು.

ನಾನು ಕೆಲಸ ಬಿಡಲಿಲ್ಲ. ಇನ್ನೊಂದು ವರ್ಷ ಅಲ್ಲೇ ಇದ್ದೆ. ಮುಂದಿನ ಡಿಸೆಂಬರು ಬಂತು, ಮತ್ತೆ ಗೋದಲಿ. ಪ್ರಾರ್ಥನಾಲಯ ಗುಡಿಸಿ ಗಂಟೆ ಹೊಡೆಯುವ, ಹಿಂದಿನ ವರ್ಷವಷ್ಟೇ ಕೆಲಸಕ್ಕೆ ಸೇರಿದ್ದ ಚಿನ್ನಪ್ಪ, ಹುಡುಗರು ಗೊಂಬೆಗಳನ್ನು ಜೋಡಿಸುವುದನ್ನೇ ನೋಡುತ್ತ ನಿಂತಿದ್ದರು. ಹುಡುಗರು ಮಗುವಿನ ಗೊಂಬೆ ಇಟ್ಟ ಕೂಡಲೇ ಅವರ ಮುಖ ಕಪ್ಪಾಯಿತು. ಏನು ಚಿನ್ನಪ್ಪ ಎಂದೆ.

"ನಮ್ಮೂರ ಚರ್ಚಲ್ಲಿ ಮಗೂನ ಇಪ್ಪತ್ನಾಕನೇ ತಾರೀಕು ಪೂಜೆ ಹೊತ್ತಿಗೇ ಇಡೋದು ಮೇಡಂ. ಅಲ್ಲೀವರೆಗೂ ಹುಲ್ಲು ಖಾಲಿ ಇರ್ಬೇಕು. ಹುಟ್ಟದೇ ಇರೋ ಮಗೂನ ಮಲಗಿಸ್ತಾರಾ ಯಾರಾದ್ರೂ? ಹೋದ್ವರ್ಷ ಪಾಪ ಹಿಂದೂ ಮಕ್ಕಳು, ಗೊತ್ತಿಲ್ಲದೆ ಇಟ್ಟವ್ರೆ ಅಂತ, ನಾನೇ ತೆಗ್ದು ಬಟ್ಟೇಲಿ ಸುತ್ತಿ ಬೀರೂನಲ್ಲಿ ಇಟ್ಟಿದ್ದೆ."

"ಯಾರಿಗೂ ಹೇಳಲಿಲ್ವಾ?"

"ಯಾಕ್ ಹೇಳ್ಲಿಲ್ಲ? ಗಲಾಟೆ ಆದ ಮಂಗಳವಾರ ಸಾಯಂಕಾಲಾನೇ ಅಯ್ಯನವರಿಗೆ ತೋರಿಸ್ದೆ. ಬಾಯಿ ಬಿಡ್ಬೇಡ, ನಾನು ನೋಡ್ಕೋತೀನಿ ಅಂದ್ರು. ಬುಧವಾರ ರಾತ್ರಿ ವಾಪಸ್ ಇಡಿಸಿದ್ರು. ನೀವೂ ಅನ್ಬೇಡಿ ಮೇಡಂ, ನನ್ನ ಕೆಲಸ ಹೋಗುತ್ತೆ."

ಮಂಗಳವಾರ ಸಂಜೆ. ಆ ಕೋಣೆ, ಆ ಕುರ್ಚಿ, ಆ ಕಣ್ಣೀರು ಎಲ್ಲ ಬುಧವಾರದ್ದು.

ಚಿನ್ನಪ್ಪ ಮಾರ್ಚಿನಲ್ಲಿ ಕೆಲಸ ಬಿಟ್ಟು ಮಗಳ ಮನೆಗೆ ಹೋದರು. ಮರುದಿನ ನಾನು ರಾಜೀನಾಮೆ ಬರೆದೆ. ಈ ಬರಹವೂ ಅವರು ಒಪ್ಪಿದ ಮೇಲಿನದು.

ಕೊನೆಯ ದಿನ ಅಯ್ಯನವರು ಬೀಳ್ಕೊಡುಗೆಗೆಂದು ನನ್ನನ್ನು ಸಮಾಧಾನದ ಕೋಣೆಗೇ ಕರೆದರು. ಟೀ ಇತ್ತು, ಕೇಕು ಇತ್ತು. ಅವರು ಬಾಗಿಲು ಮುಚ್ಚಿ ತಿರುಗುವಷ್ಟರಲ್ಲಿ ನಾನು ಎತ್ತರದ ಕುರ್ಚಿಯಲ್ಲಿ ಕೂತಿದ್ದೆ. ಅವರ ಕುರ್ಚಿ ಅದು. ಅವರು ಕಿಟಕಿ ಪಕ್ಕದ್ದನ್ನು ನೋಡಿದರು, ಬಾಗಿಲ ಪಕ್ಕದ್ದನ್ನು ನೋಡಿದರು. ಎರಡರಲ್ಲೂ ಕೂರಲಿಲ್ಲ.

ಚಿನ್ನಪ್ಪ ಎಲ್ಲ ಹೇಳಿದ್ದಾರೆ ಎಂದೆ.

ನಿಂತಲ್ಲೇ, ಅದೇ ಕೆಳದನಿಯಲ್ಲಿ, "ಗೊಂಬೆ ಮುಖ್ಯ ಅಲ್ಲಮ್ಮ. ಆ ಹುಡುಗಿಯ ಮನಸ್ಸು ಮುಖ್ಯವಾಗಿತ್ತು" ಎಂದರು.

ನಾನು ಆರು ವರ್ಷ ಹುಡುಗರಿಗೆ ಹೇಳಿಕೊಟ್ಟಿದ್ದು ಇದನ್ನೇ: ಎದುರಾಳಿ ವಿಷಯ ಬಿಟ್ಟು ಓಡಿದಾಗ ಹಿಂದೆ ಓಡಬೇಡಿ, ಒಂದೇ ಪ್ರಶ್ನೆ ಕೇಳಿ ಸುಮ್ಮನಿರಿ. ಕೇಳಿದೆ. ಉತ್ತರ ಬರಲಿಲ್ಲ, ಟೀ ಆರಿತು, ನಾನು ಎದ್ದು ಬಂದೆ. ಅವರು ಈಗಲೂ ಅಲ್ಲೇ ಇದ್ದಾರೆ, ನೀವು ಅವರ ಕೆಳಗೇ ಕೆಲಸ ಮಾಡುತ್ತೀರಿ. ಹಾಗಾಗಿ ಅದನ್ನೇ ಇಲ್ಲಿ ಮತ್ತೆ ಕೇಳುತ್ತಿದ್ದೇನೆ.

ಅಯ್ಯನವರೇ, ಬುಧವಾರ ನೀವು ಕಣ್ಣು ಮುಚ್ಚಿ ಕೈ ಎತ್ತಿದಾಗ ಗೊಂಬೆ ಬೀರುವಿನಲ್ಲಿದೆ ಎಂದು ನಿಮಗೂ ಗೊತ್ತಿತ್ತು, ನೀವು ಯಾರ ಜೊತೆ ಮಾತಾಡುತ್ತಿದ್ದಿರೋ ಅವನಿಗೂ ಗೊತ್ತಿತ್ತು. ಹಾಗಿದ್ದರೆ ಅವಳು ಮಾಡಿದ್ದನ್ನು ಕ್ಷಮಿಸು ಎಂದು ಕೇಳಿದಿರಲ್ಲ, ಯಾವುದನ್ನು?